ಈ ಕಾರ್ಡ್ ಮೋದೀದಾ, ಸಿದ್ದರಾಮಯ್ಯಂದಾ?

ಆಸ್ಪತ್ರೆಯ ಕೆಳಮಹಡಿ, ಲಿಫ್ಟಿನ ಪಕ್ಕ ಒಂದು ಮೇಜು, ಒಂದು ಕಂಪ್ಯೂಟರ್, ಹೆಬ್ಬೆಟ್ಟು ಒತ್ತಿಸುವ ಒಂದು ಪುಟಾಣಿ ಯಂತ್ರ. ಅದರ ಹಿಂದೆ ಕೂತವಳು ನಾನು. ಹುದ್ದೆ ಆರೋಗ್ಯಮಿತ್ರ: ಸರ್ಕಾರದ ಆರೋಗ್ಯ ಕಾರ್ಡ್ ಹಿಡಿದು ಚಿಕಿತ್ಸೆಗೆ ಬಂದವರ ಕಾಗದಪತ್ರ ನೋಡಿ ಅಪ್ರೂವಲ್ ತರಿಸುವ ಕೆಲಸ. ಈ ಹೆಸರಿಟ್ಟವರು ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬಂದು ನನ್ನ ಕುರ್ಚಿಯಲ್ಲಿ ಕೂತು, ಸರ್ವರ್ ಡೌನ್ ಆದಾಗ ಎಷ್ಟು ಜನ ಮಿತ್ರರಾಗಿ ಉಳಿಯುತ್ತಾರೆ ಅಂತ ನೋಡಬೇಕು.

ಮೇಲಿನ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುತ್ತೇನೆ. ಮೇಜಿನ ಮುಂದೆ ಸರಿ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ಬಾಯಿ ನೋವು ಬಂತು. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ವಾಟ್ಸಾಪ್ ಮಾಡುತ್ತೇನೆ.

ಮೊದಲು ಕೇಳುವ ರೀತಿಯ ಬಗ್ಗೆ. ಯಾರೂ ತಿಳಿದುಕೊಳ್ಳಲು ಕೇಳುವುದಿಲ್ಲ. 'ಇದು ಮೋದೀದಲ್ವಾ?' ಅನ್ನುವವರಿಗೆ ಹೌದು ಅನ್ನಬೇಕು. 'ಇದು ನಮ್ಮ ಸಿದ್ದರಾಮಯ್ಯಂದಲ್ವಾ?' ಅನ್ನುವವರಿಗೂ ಹೌದು ಅನ್ನಬೇಕು. ಎರಡಕ್ಕೂ ಹೌದು ಅಂದರೆ 'ನೀವ್ಯಾವ ಪಾರ್ಟಿ ಮೇಡಂ?' ಅಂತ ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ನಾನು ಗುತ್ತಿಗೆ ಪಾರ್ಟಿ ಕಣ್ರೀ.

ಇನ್ನು ಉತ್ತರ. ಕಾರ್ಡಿನ ಪೂರ್ತಿ ಹೆಸರು 'ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ – ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ'. ರೈಲಿನ ಬೋಗಿ ಜೋಡಿಸಿದ ಹಾಗೆ. ಪ್ರಧಾನಮಂತ್ರಿಯೂ ಇದ್ದಾರೆ, ಮುಖ್ಯಮಂತ್ರಿಯೂ ಇದ್ದಾರೆ, ರೋಗಿಗೆ ಮಾತ್ರ ಹೆಸರಲ್ಲಿ ಜಾಗ ಸಿಕ್ಕಿಲ್ಲ. ದುಡ್ಡಿನ ಲೆಕ್ಕ ಹೀಗೆ: 2011ರ ಸಾಮಾಜಿಕ-ಆರ್ಥಿಕ ಗಣತಿ ಹಿಡಿದು ಕೇಂದ್ರ ನಮ್ಮ ರಾಜ್ಯದಲ್ಲಿ ಸುಮಾರು 62 ಲಕ್ಷ ಕುಟುಂಬಗಳನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅವರ ಖರ್ಚಿನಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಆ ಪಟ್ಟಿಯಲ್ಲಿಲ್ಲದ ಉಳಿದ ಬಿಪಿಎಲ್ ಮನೆಗಳ ಖರ್ಚು ಪೂರಾ ರಾಜ್ಯದ್ದು. ಎಪಿಎಲ್‌ನವರದ್ದೂ ಅಷ್ಟೇ. ನಿಮ್ಮ ಮನೆ ಯಾವ ಪಟ್ಟಿಯಲ್ಲಿದೆ ಅಂತ ತಿಳಿದುಕೊಂಡು ಮತ ಹಾಕುವವರಿದ್ದರೆ ಹಾಕಿ, ನನ್ನದೇನೂ ಅಭ್ಯಂತರವಿಲ್ಲ.

ಹಾಗಾದರೆ ಶುರು ಮಾಡಿದ್ದು ಯಾರು? ಇದು ಇನ್ನೂ ಮಜವಾಗಿದೆ. 2003ರಲ್ಲಿ ಎಸ್.ಎಂ. ಕೃಷ್ಣ ಕಾಲದಲ್ಲಿ ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಬಂತು. ತಲೆಗೆ ವರ್ಷಕ್ಕೆ 60 ರೂಪಾಯಿ. ನಮ್ಮಪ್ಪ ಹಾಲಿನ ಡೈರಿ ಬಿಲ್ಲಲ್ಲಿ ಮುರಿದುಕೊಳ್ಳಿ ಅಂದಿದ್ದು ನನಗೆ ನೆನಪಿದೆ. 2010ರಲ್ಲಿ ಯಡಿಯೂರಪ್ಪ ಸರ್ಕಾರ ಬಿಪಿಎಲ್‌ನವರಿಗೆ ವಾಜಪೇಯಿ ಆರೋಗ್ಯಶ್ರೀ ತಂತು, ಮೊದಲು ಕಲಬುರಗಿ ಭಾಗದಲ್ಲಿ. 2013ರಲ್ಲಿ ಕಾಂಗ್ರೆಸ್ ಬಂದಾಗ ಬೋರ್ಡ್ ಕಿತ್ತು ಹಾಕುತ್ತಾರೆ ಅಂದುಕೊಂಡೆವು. ಕಿತ್ತು ಹಾಕಲಿಲ್ಲ. ಪಕ್ಕದಲ್ಲಿ ಎಪಿಎಲ್‌ನವರಿಗೆ ಅಂತ ಇನ್ನೊಂದು ಬೋರ್ಡ್ ಹಾಕಿದರು: ರಾಜೀವ್ ಆರೋಗ್ಯ ಭಾಗ್ಯ. ಬಡವರಿಗೆ ವಾಜಪೇಯಿ, ಸ್ವಲ್ಪ ಇದ್ದವರಿಗೆ ರಾಜೀವ್, ಎರಡನ್ನೂ ನಡೆಸಿದ್ದು ಒಂದೇ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. 2018ರ ಮಾರ್ಚ್‌ನಲ್ಲಿ, ಚುನಾವಣೆ ಹೊಸ್ತಿಲಲ್ಲಿರುವಾಗ, ಸಿದ್ದರಾಮಯ್ಯ ಎಲ್ಲವನ್ನೂ ಒಂದು ಗಂಟು ಕಟ್ಟಿ ಆರೋಗ್ಯ ಕರ್ನಾಟಕ ಅಂದರು. ಅದೇ ಅಕ್ಟೋಬರ್ ಕೊನೆಗೆ, ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, ಅದಕ್ಕೆ ಕೇಂದ್ರದ ಆಯುಷ್ಮಾನ್ ಬೆಸೆದರು. ಗಂಟಿನೊಳಗೆ ಸೇರಿ ನಿಂತುಹೋಗಿದ್ದ ಯಶಸ್ವಿನಿಯನ್ನು 2022ರಲ್ಲಿ ಮತ್ತೆ ಎಬ್ಬಿಸಿದ್ದು ಯಾರು? ಬಿಜೆಪಿಯ ಬೊಮ್ಮಾಯಿ ಸರ್ಕಾರ. ಈಗ ಹೇಳಿ, ಯಾರದು?

ಪಕ್ಕದ ಆಂಧ್ರಕ್ಕೆ ಹೋಲಿಸಿದರೆ ನಮ್ಮವರು ಸಾಧುಗಳು. ಅಲ್ಲಿ 2007ರಲ್ಲಿ ರಾಜೀವ್ ಹೆಸರಲ್ಲಿ ಹುಟ್ಟಿದ ಆರೋಗ್ಯಶ್ರೀ, ಚಂದ್ರಬಾಬು ಬಂದಾಗ ಎನ್‌ಟಿಆರ್ ವೈದ್ಯ ಸೇವೆ, ಜಗನ್ ಬಂದಾಗ ವೈಎಸ್‌ಆರ್ ಆರೋಗ್ಯಶ್ರೀ, 2024ರಲ್ಲಿ ಪುನಃ ಎನ್‌ಟಿಆರ್. ಬಂಗಾಳ 2019ರ ಜನವರಿಯಲ್ಲಿ ಆಯುಷ್ಮಾನ್ ಬಿಟ್ಟು ಹೊರಬಂತು, ನಮ್ಮ ಸ್ವಾಸ್ಥ್ಯ ಸಾಥಿ ನಮಗೆ ಸಾಕು ಅಂತ. ಒಡಿಶಾ ಮತ್ತು ದಿಲ್ಲಿ ಆಯುಷ್ಮಾನ್‌ಗೆ ಸೇರಿದ್ದು ಅಲ್ಲಿ ಬಿಜೆಪಿ ಗೆದ್ದ ಮೇಲೆ, 2025ರಲ್ಲಿ. ಸರ್ಕಾರ ಬದಲಾದರೆ ಕಾರ್ಡ್ ಬದಲಾಗುತ್ತದೆ. ಆದರೆ ಗಮನಿಸಿ, ಯಾವ ಪಕ್ಷವೂ ಗೆದ್ದು ಬಂದು 'ಇನ್ನು ಆಪರೇಷನ್‌ಗೆ ದುಡ್ಡು ಕೊಡಲ್ಲ' ಅಂದಿಲ್ಲ. ಹೇಳುವ ಧೈರ್ಯ ಯಾರಿಗೂ ಇಲ್ಲ. ಈ ಹೆಸರಿನ ಹುಚ್ಚೇ ಯೋಜನೆಯನ್ನು ಉಳಿಸಿದೆ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಇದರಿಂದೆಲ್ಲ ಏನು ಉಪಯೋಗ, ಬರೀ ಓಟಿಗೆ ಅನ್ನುವವರಿಗೂ ಒಂದು ಮಾತು. ವಾಜಪೇಯಿ ಆರೋಗ್ಯಶ್ರೀ ಮೊದಲು ಬಂದದ್ದು ಉತ್ತರ ಭಾಗಕ್ಕೆ ತಾನೇ, ಯೋಜನೆ ಬಂದಿದ್ದ ಪ್ರದೇಶದ ಗಡಿಯ ಆಚೆ ಈಚೆಯ ಹಳ್ಳಿಗಳನ್ನು ಹೋಲಿಸಿ ನೋಡಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆ ಇದ್ದ ಕಡೆಯ ಬಡ ಮನೆಗಳಲ್ಲಿ, ಅದರಡಿ ಚಿಕಿತ್ಸೆ ಸಿಗುವ ಕಾಯಿಲೆಗಳಿಂದ ಆದ ಸಾವು 64% ಕಡಿಮೆ. ಊರು ಗಡಿಯ ಯಾವ ಕಡೆ ಇತ್ತು ಅನ್ನುವುದಷ್ಟೇ ವ್ಯತ್ಯಾಸ. ಅದನ್ನು ಓದಿದ ದಿನ ನಾನು ಮಧ್ಯಾಹ್ನ ಯಾರ ಮೇಲೂ ರೇಗಲಿಲ್ಲ.

ಈಗ ಇಬ್ಬರು ಅಣ್ಣತಮ್ಮಂದಿರ ಕಥೆ. ಕಳೆದ ಲೋಕಸಭಾ ಚುನಾವಣೆ ಸಮಯ. ನೀತಿ ಸಂಹಿತೆ ಅಂತ ನಮ್ಮ ಗೋಡೆಯ ಫ್ಲೆಕ್ಸ್‌ನಲ್ಲಿ ಮುಖ ಇರುವ ಕಡೆಗೆಲ್ಲ ನ್ಯೂಸ್‌ಪೇಪರ್ ಅಂಟಿಸಿದ್ದರು. ರಾತ್ರಿ ಎದೆನೋವು ಬಂದ ಯಜಮಾನರೊಬ್ಬರು ಒಳಗೆ ಐಸಿಯುನಲ್ಲಿ, ಇಬ್ಬರು ಗಂಡುಮಕ್ಕಳು ನನ್ನ ಮುಂದೆ. 'ಸ್ಟಂಟ್ ಹಾಕಬೇಕಂತೆ ಮೇಡಂ, ಮೋದಿ ಕಾರ್ಡಲ್ಲಿ ಆಗ್ತತಲ್ಲ?' ಅಂದ ಹಿರಿಯವನು. 'ಅದು ಮೋದಿ ಕಾರ್ಡಲ್ಲ, ನಮ್ಮ ಸರ್ಕಾರದ್ದು' ಅಂದ ಕಿರಿಯವನು. ಅಷ್ಟೇ, ಶುರುವಾಯಿತು. ಒಬ್ಬ ಪೇಪರ್ ಅಂಟಿಸಿದ್ದ ಒಂದು ಮುಖದ ಕಡೆ ಕೈ ತೋರಿಸುತ್ತಾನೆ, ಇನ್ನೊಬ್ಬ ಇನ್ನೊಂದರ ಕಡೆ. ಅಲ್ಲಿ ಕಾಣುತ್ತಿದ್ದದ್ದು ಚಿನ್ನದ ಅಂಗಡಿಯ ಜಾಹೀರಾತು.

'ರೇಷನ್ ಕಾರ್ಡ್ ಎಲ್ಲಿ?' ಅಂದೆ.

ಇಬ್ಬರೂ ತಂದಿರಲಿಲ್ಲ. ಅವನು ತಂದಿರ್ತಾನೆ ಅಂತ ಇವನು, ಇವನು ತಂದಿರ್ತಾನೆ ಅಂತ ಅವನು. ತುರ್ತು ಕೇಸು, ಯೋಜನೆಯ ಪಟ್ಟಿಯಲ್ಲಿ 4ಎ ಕೋಡ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಿರಲಿಲ್ಲ, ಪುಣ್ಯ. ಆದರೆ ರೇಷನ್ ಕಾರ್ಡ್ ಇಲ್ಲದೆ ಅವರು ಬಿಪಿಎಲ್ ಅಂತ ನಾನು ಹೇಗೆ ತೋರಿಸಲಿ? ಕೊನೆಗೆ ಸೊಸೆಗೆ ಫೋನ್ ಮಾಡಿ, ಆಕೆ ಟ್ರಂಕ್ ತೆಗೆದು, ಫೋಟೋ ಹೊಡೆದು ಕಳಿಸಿದಳು. ಫೋಟೋದಲ್ಲಿ ಆಕೆಯ ಹೆಬ್ಬೆರಳೇ ಅರ್ಧ ನಂಬರ್ ಮುಚ್ಚಿತ್ತು. ಮತ್ತೊಂದು ತರಿಸಿದೆ. ಅಪ್ರೂವಲ್ ಬಂತು. ಸ್ಟೆಂಟ್ ಹಾಕಿದರು.

ನನ್ನನ್ನು ಯಾರಾದರೂ ಕೇಳಲಿ ಅಂತ ಕಾಯುವ ಪ್ರಶ್ನೆ ಇದೇ: ಮೇಡಂ, ನನ್ನ ರೇಷನ್ ಕಾರ್ಡ್ ನಾಳೆಯೂ ಬಿಪಿಎಲ್ ಆಗಿಯೇ ಇರುತ್ತಾ? ಬಿಪಿಎಲ್ ಆದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಅಂದರೆ 1 ಲಕ್ಷದ ಪ್ಯಾಕೇಜಿಗೆ 70 ಸಾವಿರ ನೀವೇ ಕಟ್ಟಬೇಕು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದಾಗುತ್ತಿವೆ ಅಂತ ಗಲಾಟೆ ಆಯಿತಲ್ಲ, ಟಿವಿಯಲ್ಲಿ ಎಲ್ಲರೂ ಅಕ್ಕಿಯ ಬಗ್ಗೆ ಕಿರುಚಾಡಿದರು. ಅಕ್ಕಿಯ ಹಿಂದೆ ಸ್ಟೆಂಟೂ ಹೋಗುತ್ತದೆ ಅಂತ ನಾನು ನಮ್ಮ ಮನೆಯ ಟಿವಿಗೆ ಹೇಳುತ್ತಿದ್ದೆ. ಗಂಡ ವಾಲ್ಯೂಮ್ ಜಾಸ್ತಿ ಮಾಡಿದರು.

ಇನ್ನೊಂದು ಪ್ರಶ್ನೆಯನ್ನು ಆ ಯಜಮಾನರೇ ಕೇಳಿದರು. ಡಿಸ್ಚಾರ್ಜ್ ದಿನ ಹೆಬ್ಬೆಟ್ಟು ಒತ್ತಿಸಬೇಕಿತ್ತು. ಅಡಿಕೆ ಸುಲಿದು ಸವೆದ ಬೆರಳು, ಯಂತ್ರ ಹಿಡಿಯಲೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಿಸಿ, ಒಂದೊಂದೇ ಬೆರಳು ಪ್ರಯತ್ನಿಸುತ್ತಾ ಕೂತೆವು. ಹಾಗೆ ಕೂತಾಗ ಮಾತ್ರೆ ಚೀಟಿ ಮುಂದೆ ಹಿಡಿದರು.

'ಇವು ಎಷ್ಟು ದಿನಕ್ಕವ್ವ?'

'ಇವು ಕೆಲವೇ ದಿನಕ್ಕೆ, ಯಜಮಾನ್ರೆ. ಆಮೇಲೆ ನೀವೇ ತಗೋಬೇಕು. ಬಿಡಂಗಿಲ್ಲ.'

'ಎಲ್ಲಿ ತನಕ?'

'ಜೀವ ಇರೋ ತನಕ.'

'ಅದಕ್ಕೂ ಈ ಕಾರ್ಡ್ ನಡೀತತಾ?'

ನಡೆಯುವುದಿಲ್ಲ. ಕಾರ್ಡ್ ಇರುವುದು ಅಡ್ಮಿಟ್ ಆದವರಿಗೆ. ಮಂಚದ ಮೇಲೆ ಮಲಗಿದರೆ ಲಕ್ಷ ರೂಪಾಯಿಯ ಲೆಕ್ಕ, ಎದ್ದು ಮನೆಗೆ ಹೋದರೆ ತಿಂಗಳ ಮಾತ್ರೆಗೆ ನಿಮ್ಮ ಜೇಬು. ಇದೇಕೆ ಹೀಗೆ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಆಪರೇಷನ್ನಿಗೆ ಒಂದು ದಿನಾಂಕ ಇರುತ್ತದೆ, ಗುಣವಾದವರನ್ನು ವೇದಿಕೆಗೆ ಕರೆಸಬಹುದು, ಕಾರ್ಡ್ ಹಂಚಬಹುದು. ದಿನಾ ಬೆಳಿಗ್ಗೆ ನುಂಗುವ ಬಿಪಿ ಮಾತ್ರೆಯ ಮೇಲೆ ಯಾರ ಹೆಸರಿಗೂ ಜಾಗ ಸಾಲುವುದಿಲ್ಲ.

'ನಿಮ್ಮೂರಿನ ಪಿಎಚ್‌ಸಿಲಿ ಸಿಗಬೇಕು, ಕೇಳಿ ನೋಡ್ರಿ' ಅಂದೆ.

'ಸಿಗಬೇಕಾ, ಸಿಗ್ತತಾ?'

ಅಷ್ಟರಲ್ಲಿ ಎಡಗೈ ಉಂಗುರದ ಬೆರಳಿಗೆ ಯಂತ್ರ ಹಸಿರು ದೀಪ ಕೊಟ್ಟಿತು. 'ಆಯ್ತು ಯಜಮಾನ್ರೆ, ಹೊರಡ್ರಿ' ಅಂದೆ. ಹೊರಗೆ ಆಟೋ ಹತ್ತಿರ ಅಣ್ಣತಮ್ಮ ಇಬ್ಬರೂ ಬಾಡಿಗೆ ಯಾರು ಕೊಡಬೇಕು ಅಂತ ಮಾತಾಡುತ್ತಿದ್ದರು.