ಗೋವಿನಜೋಳದ ನುಚ್ಚು, ಬಿಳಿಜೋಳದ ಮೊಳಕೆ: ಎರಡು ತಿಂಗಳ ಪ್ರಯೋಗದ ದಾಖಲೆ

ಜೂನ್ 7, ಬೆಳಗಾವಿ

ಅಮೆರಿಕದಲ್ಲಿ ಕ್ರೀಮ್ ಏಲ್ ಎಂಬ ಒಂದು ಬಗೆಯ ಬಿಯರ್ ಇದೆ. ಹೆಸರಿನಲ್ಲಿ ಕೆನೆ ಇದ್ದರೂ ಅದರಲ್ಲಿ ಹಾಲಿನ ಪದಾರ್ಥ ಯಾವುದೂ ಇರುವುದಿಲ್ಲ. ಬಾರ್ಲಿಯ ಮಾಲ್ಟಿಗೆ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳಿಗೆ, ಐದನೆಯ ಒಂದು ಪಾಲಿನವರೆಗೂ ಗೋವಿನಜೋಳವನ್ನು ಸೇರಿಸಿ, ಬಾಯಿಗೆ ಹಗುರಾಗುವಂತೆ ಮಾಡಿದ ತೆಳು ಹೊಂಬಣ್ಣದ ಪಾನೀಯ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ವಲಸೆ ಹೋದ ಜರ್ಮನ್ ತಯಾರಕರಿಗೆ ಸುಲಭವಾಗಿ ಸಿಗುತ್ತಿದ್ದುದು ತೆನೆಯಲ್ಲಿ ಆರು ಸಾಲು ಕಾಳು ಕಟ್ಟುವ ಬಾರ್ಲಿ. ಅದರಲ್ಲಿ ಪ್ರೋಟೀನು ಹೆಚ್ಚಾದ್ದರಿಂದ ಬಿಯರ್ ಮಸುಕಾಗುತ್ತಿತ್ತು. ಪ್ರೋಟೀನು ಕಡಿಮೆ ಇರುವ ಗೋವಿನಜೋಳವನ್ನು ಬೆರೆಸಿದಾಗ ತಿಳಿಯಾಯಿತು. ಆ ಬಾರ್ಲಿಯಲ್ಲಿ ಕಿಣ್ವಗಳೂ ಯಥೇಚ್ಛವಾಗಿದ್ದುದರಿಂದ ತನ್ನ ಪಿಷ್ಟದ ಜೊತೆಗೆ ಗೋವಿನಜೋಳದ ಪಿಷ್ಟವನ್ನೂ ಅದು ಸಕ್ಕರೆಯಾಗಿಸುತ್ತಿತ್ತು. ಒಂದು ಕಾಳು ಇನ್ನೊಂದು ಕಾಳನ್ನು ಸಿಹಿ ಮಾಡುತ್ತದೆ ಎಂಬ ಈ ಸಂಗತಿ ಓದಿದಂದಿನಿಂದ ತಲೆಯಲ್ಲಿ ಕೂತಿದೆ.

ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸಲು 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಅವಕಾಶವಿಲ್ಲ. ನನಗೆ ಬೇಕಾಗಿರುವುದು ಅಮಲೂ ಅಲ್ಲ. ಆದ್ದರಿಂದ ಕ್ರೀಮ್ ಏಲ್‌ನ ಮೊದಲ ಅರ್ಧವನ್ನು, ಅಂದರೆ ಕಾಳಿನಿಂದ ಸಿಹಿನೀರು ತೆಗೆಯುವ ಭಾಗವನ್ನು ಮಾತ್ರ ಎತ್ತಿಕೊಂಡು, ಎರಡನೆಯ ಅರ್ಧದಲ್ಲಿ ಯೀಸ್ಟಿನ ಬದಲು ನಮ್ಮ ಅಂಬಲಿಯ ಹಾಗೆ ಹುಳಿ ಬರಿಸುವುದೆಂದು ನಿರ್ಧರಿಸಿದ್ದೇನೆ. ದಕ್ಷಿಣ ಆಫ್ರಿಕಾ ಮತ್ತು ಜಿಂಬಾಬ್ವೆಗಳಲ್ಲಿ ಗೋವಿನಜೋಳದ ಗಂಜಿಯನ್ನು ಹೀಗೆಯೇ ಹುಳಿ ಬರಿಸಿ ಮಹೇವು ಎಂಬ ಪಾನೀಯ ಮಾಡುತ್ತಾರೆ, ಅದಕ್ಕೆ ಜೋಳದ ಮಾಲ್ಟ್ ಸೇರಿಸುವ ರೂಢಿಯೂ ಉಂಟು. ಬಾರ್ಲಿಯನ್ನು ಹುಡುಕಿಕೊಂಡು ಹೋಗುವ ಬದಲು ಮನೆಯ ಡಬ್ಬಿಯಲ್ಲಿರುವ ಬಿಳಿಜೋಳವನ್ನೇ ಮೊಳಕೆ ಬರಿಸಲು ಇದೇ ಧೈರ್ಯ ಕೊಟ್ಟಿತು. ಇಂದು ಸಂಜೆ ಒಂದು ಕಿಲೋ ಜೋಳವನ್ನು ಹಸನು ಮಾಡಿ ನೆನೆಹಾಕಿದೆ.

ಜೂನ್ 13

ಎಲ್ಲವೂ ತಿಪ್ಪೆಗೆ ಹೋಯಿತು. ಕಿರಾಣಿ ಅಂಗಡಿಯಿಂದ ತಂದ ಜೋಳ ಹಳೆಯದಿರಬೇಕು. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಬೇರೆಯಾಗಿ ಇಟ್ಟಿದ್ದೆ, ಮೂರನೆಯ ದಿನಕ್ಕೆ ಮೊಳೆತದ್ದು ಅರವತ್ತೊಂದು ಮಾತ್ರ. ಮೊಳೆಯದ ಕಾಳು ಸುಮ್ಮನೆ ಕೂಡುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಮೇಲೆ ಬೆಳಗಾವಿಯ ಮಳೆ. ನಾಲ್ಕು ದಿನ ಬಿಸಿಲಿನ ಮುಖವನ್ನೇ ಕಾಣದೆ, ಫ್ಯಾನಿನ ಕೆಳಗೆ ಹರಡಿದ ಮೊಳಕೆಕಾಳಿನ ಮೇಲೆ ಬೂದುಹಸಿರು ನವಿರು ಎದ್ದಿತು. ಬೂಷ್ಟು ಹಿಡಿದ ಧಾನ್ಯದಲ್ಲಿ ಕುದಿಸಿದರೂ ಹೋಗದ ವಿಷಗಳಿರಬಹುದಾದ್ದರಿಂದ ತೊಳೆದು ಬಳಸುವ ಮಾತೇ ಇಲ್ಲ.

ಚೆಲ್ಲುವ ಬದಲು ಎದುರುಮನೆಯವರ ಎಮ್ಮೆಗೆ ಹಾಕಬಹುದಲ್ಲ ಎಂದು ಕೇಳಿದ್ದಕ್ಕೆ ಅವ್ವ ಬೈದಳು: "ಎಳಿ ಜ್ವಾಳದ ಹೊಲಕ್ಕ ದನಾ ಬಿಡಬಾರದು ಅಂತ ನಿಮ್ಮಜ್ಜ ಬಡಕೋತಿದ್ದ, ನೀ ಮೊಳಕಿನ ತಿನ್ನಸ್ತೀಯೇನು?" ಅವಳ ಮಾತು ಬೂಷ್ಟಿಗೆ ಸಂಬಂಧಿಸಿದ್ದಲ್ಲ, ಆದರೆ ಅದಕ್ಕಿಂತ ಮುಖ್ಯವಾದದ್ದು. ಜೋಳದ ಎಳೆಯ ಚಿಗುರಿನಲ್ಲಿ ಧುರಿನ್ ಎಂಬ ಸಂಯುಕ್ತವಿರುತ್ತದೆ. ಚಿಗುರು ಜಜ್ಜಿದಾಗ ಅದರಿಂದ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಮೊಳಕೆಯಲ್ಲಿ ಹೆಚ್ಚು. ಹೀಗಾಗಿ ಜೋಳದ ಮಾಲ್ಟ್ ಮಾಡುವವರು ಒಣಗಿದ ಮೇಲೆ ಬೇರು ಮತ್ತು ಚಿಗುರನ್ನು ಪೂರ್ತಿಯಾಗಿ ಉಜ್ಜಿ ತೆಗೆಯಲೇಬೇಕು. ಹೆಸರುಕಾಳಿನ ಮೊಳಕೆಯ ಹಾಗೆ ಜೋಳದ ಮೊಳಕೆಯನ್ನು ಹಸಿಯಾಗಿ ತಿನ್ನುವಂತಿಲ್ಲ.

ಜೂನ್ 29, ವಿಜಯಪುರ

ಅಕ್ಕನ ಮನೆಗೆ ಬಂದ ನೆಪದಲ್ಲಿ ಎರಡನೆಯ ಮಾಲ್ಟ್. ಇಲ್ಲಿ ಜೋಳಕ್ಕೂ ಬಿಸಿಲಿಗೂ ಬರವಿಲ್ಲ. ಅವರ ಹೊಲದ್ದೇ ಹಿಂಗಾರಿಯ ಮಾಲದಂಡಿ ತಳಿಯ ಬಿಳಿಜೋಳ. ಸುಗ್ಗಿಯಾಗಿ ನಾಲ್ಕು ತಿಂಗಳಷ್ಟೇ ಆದದ್ದರಿಂದ ನೂರಕ್ಕೆ ತೊಂಬತ್ಮೂರು ಮೊಳೆಯಿತು. ಬಿಳಿಜೋಳದಲ್ಲಿ ಒಗರಿನ ಅಂಶ ಕಡಿಮೆ ಇರುವುದೂ ಅನುಕೂಲವೇ, ಏಕೆಂದರೆ ಟ್ಯಾನಿನ್ ಹೆಚ್ಚಿರುವ ಕೆಂಪು ಜೋಳದಲ್ಲಿ ಅದು ಕಿಣ್ವಗಳನ್ನೇ ಕಟ್ಟಿಹಾಕುತ್ತದೆ.

ಹದಿನೆಂಟು ಗಂಟೆ ನೆನೆಸಿ, ನಡುವೆ ಮೂರು ಸಲ ನೀರು ಬದಲಿಸಿ, ಒದ್ದೆ ಗೋಣಿತಟ್ಟಿನಲ್ಲಿ ನಾಲ್ಕು ದಿನ ಇಟ್ಟೆ. ದಿನಕ್ಕೆರಡು ಸಲ ಕೈಯಾಡಿಸದಿದ್ದರೆ ಬೇರುಗಳು ಹೆಣೆದುಕೊಂಡು ಚಾಪೆಯಾಗುತ್ತವೆ. ಒಳಗೆ ಕೈ ಇಟ್ಟರೆ ಕಾಳುಗಳು ತಮ್ಮ ಉಸಿರಿನಿಂದಲೇ ಬಿಸಿಯಾಗಿರುವುದು ತಿಳಿಯುತ್ತದೆ. ನಂತರ ಮಾಳಿಗೆಯ ಮೇಲೆ ತೆಳು ಸೀರೆ ಹೊದಿಸಿ ಒಣಗಿಸಿದೆ, ಎರಡು ಬಿಸಿಲಿಗೆ ಗರಿಗರಿಯಾಯಿತು. ಅಂಗೈಯಲ್ಲಿ ತಿಕ್ಕಿ, ಮರದಲ್ಲಿ ಕೇರಿದಾಗ ಬೇರು ಚಿಗುರುಗಳೆಲ್ಲ ಹೊಟ್ಟಾಗಿ ಹಾರಿ, ಒಂದು ಕಿಲೋ ಜೋಳಕ್ಕೆ 810 ಗ್ರಾಂ ಮಾಲ್ಟ್ ಉಳಿಯಿತು. ಒಂದು ಕಾಳನ್ನು ಕಚ್ಚಿ ನೋಡಿದೆ. ಮೊದಲು ಕಲ್ಲಿನಂತಿದ್ದದ್ದು ಈಗ ಸುಣ್ಣದಕಡ್ಡಿಯ ಹಾಗೆ ಪುಡಿಯಾಯಿತು, ನಾಲಗೆಯ ಮೇಲೆ ತುಸು ಸಿಹಿ ಉಳಿಯಿತು.

ಜುಲೈ 6, ಬೆಳಗಾವಿ

ಮೊದಲ ಅಡುಗೆ. ಗೋವಿನಜೋಳವನ್ನು ಗಿರಣಿಯಲ್ಲಿ ನುಚ್ಚು ಒಡೆಸಿದ್ದೆ. 350 ಗ್ರಾಂ ನುಚ್ಚು, 150 ಗ್ರಾಂ ಮಾಲ್ಟಿನ ಪುಡಿ, ನಾಲ್ಕೂವರೆ ಲೀಟರ್ ನೀರು. ಎಲ್ಲವನ್ನೂ ಒಂದೇ ಪಾತೇಲಿಗೆ ಸುರಿದು ಕುದಿಸಿದೆ. ಗಂಜಿಯಾಯಿತು. ಗಂಜಿಯಾಗಿಯೇ ಉಳಿಯಿತು. ತಪ್ಪು ಬಾಲಿಶವಾದದ್ದು: ಕುದಿಯುವ ನೀರಿನಲ್ಲಿ ಕಿಣ್ವಗಳು ಸಾಯುತ್ತವೆಂದು ಗೊತ್ತಿದ್ದೂ, ಬಿಸಿ ಏರುವಾಗ ದಾರಿಯಲ್ಲೇ ಅವು ಕೆಲಸ ಮುಗಿಸಿಬಿಡಬಹುದೆಂದು ಆಸೆಪಟ್ಟೆ.

ಸಣ್ಣ ಸಂಗತಿಯೊಂದನ್ನು ಬರೆದಿಡಬೇಕು. ಕುದಿಯುವ ನೀರಿನಲ್ಲಿ ಥರ್ಮಾಮೀಟರ್ 97.5 ತೋರಿಸಿದ್ದರಿಂದ ಅದು ಕೆಟ್ಟಿದೆಯೆಂದುಕೊಂಡಿದ್ದೆ. ಕೆಟ್ಟಿಲ್ಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ.

ಜುಲೈ 13

ಈ ಸಲ ನುಚ್ಚನ್ನು ಮಾತ್ರ ಕುಕ್ಕರಿನಲ್ಲಿ ಬೇಯಿಸಿ, 63 ಡಿಗ್ರಿಗೆ ಆರಿಸಿ, ಆಮೇಲೆ ಮಾಲ್ಟಿನ ಪುಡಿಯನ್ನು ಕಲಸಿದೆ. ಮುಂದೆ ನಡೆದದ್ದನ್ನು ಇನ್ನೊಮ್ಮೆ ನೋಡುವುದಕ್ಕಾಗಿಯೇ ಇಷ್ಟೆಲ್ಲ ಮಾಡಬಹುದು. ಸೌಟು ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿಯಿದ್ದ ಹಳದಿ ಗಂಜಿ ಮೊದಲ ಐದು ನಿಮಿಷ ಏನೂ ಆಗದಂತೆ ಕೂತಿತ್ತು. ನಂತರ ಸೌಟು ಎಳೆದ ಗೆರೆ ಕೂಡಿಕೊಳ್ಳತೊಡಗಿತು. ಹತ್ತನೆಯ ನಿಮಿಷಕ್ಕೆ ಗೆರೆ ಮೂಡುವುದೇ ನಿಂತು, ಸೌಟಿನಿಂದ ಸಾರಿನ ಹಾಗೆ ಸುರಿಯಿತು. ನೀರು ಒಂದು ಹನಿಯೂ ಸೇರಿಸಿರಲಿಲ್ಲ. ಬೆಂದ ಪಿಷ್ಟದ ಉದ್ದನೆಯ ಸರಪಳಿಗಳನ್ನು ಕಿಣ್ವವು ನಡುನಡುವೆ ಕತ್ತರಿಸಿದಾಗ ಗಂಜಿಯ ಬಿಗಿ ಬಿಚ್ಚುವುದು ಹೀಗೆ.

ಆದರೆ ತೆಳುವಾದದ್ದೆಲ್ಲ ಸಿಹಿಯಾದಂತಲ್ಲ. ಬಿಳಿ ಬಸಿಯ ಮೇಲೆ ಒಂದು ಚಮಚ ತೆಗೆದು ಟಿಂಕ್ಚರ್ ಅಯೋಡಿನ್ನಿನ ಹನಿ ಬಿಟ್ಟರೆ, ಒಂದೂವರೆ ಗಂಟೆಯಾದ ಮೇಲೂ ಕಡುನೀಲಿ. ಎಂದರೆ ಪಿಷ್ಟ ಇನ್ನೂ ಇದೆ. ಬಟ್ಟೆಯಲ್ಲಿ ಸೋಸಿ, ಆರಿಸಿ, ಹಾಲು ಅಳೆಯುವ ಲ್ಯಾಕ್ಟೋಮೀಟರ್ ತೇಲಿಬಿಟ್ಟೆ, 19 ತೋರಿಸಿತು. (ಲ್ಯಾಕ್ಟೋಮೀಟರಿನ 19 ಎಂದರೆ ಸಾಂದ್ರತೆ 1.019; ನೀರಿನಲ್ಲಿ ಸಕ್ಕರೆ ಕರಗಿದಷ್ಟೂ ಅಂಕ ಏರುತ್ತದೆ. ನನ್ನದರ ಮೇಲೆ 27 ಡಿಗ್ರಿ ಎಂದು ಬರೆದಿದೆ, ಆ ಬಿಸಿಯಲ್ಲಿಯೇ ಅಳೆಯುತ್ತೇನೆ. ಬಿಯರಿನವರ ಹೈಡ್ರೋಮೀಟರ್ ತರಿಸಬೇಕೆಂದಿದ್ದವನಿಗೆ ಇದೇ ಸಾಕೆಂದು ಹೊಳೆಯಲು ಒಂದು ತಿಂಗಳು ಬೇಕಾಯಿತು.)

ನೀಲಿಯ ಕಾರಣ ಹುಡುಕುತ್ತ ಕೂತಾಗ ಬಾರ್ಲಿಗೂ ಜೋಳಕ್ಕೂ ಇರುವ ಮುಖ್ಯ ವ್ಯತ್ಯಾಸ ಅರ್ಥವಾಯಿತು. ಬಾರ್ಲಿಯ ಪಿಷ್ಟ 60ರಿಂದ 65 ಡಿಗ್ರಿಯಲ್ಲೇ ನೀರು ಕುಡಿದು ಬೇಯುತ್ತದೆ, ಅದೇ ಬಿಸಿಯಲ್ಲಿ ಅದರ ಕಿಣ್ವವೂ ಜೀವಂತವಿರುತ್ತದೆ. ಒಂದೇ ಪಾತ್ರೆಯಲ್ಲಿ ಎರಡೂ ಕೆಲಸ ಆಗುತ್ತವೆ. ಜೋಳದ ಪಿಷ್ಟ ಬೇಯಲು 70 ಡಿಗ್ರಿ ದಾಟಬೇಕು, ಅಷ್ಟರಲ್ಲಿ ಸಕ್ಕರೆ ಮಾಡುವ ಕಿಣ್ವ ಸೋತಿರುತ್ತದೆ. ನಾನು ಹಾಕಿದ ಮಾಲ್ಟು ಗೋವಿನಜೋಳವನ್ನು ಕರಗಿಸಿತು, ತನ್ನ ಹೊಟ್ಟೆಯಲ್ಲಿದ್ದ ಪಿಷ್ಟವನ್ನು ಮಾತ್ರ ಹಸಿಯಾಗಿಯೇ ಬಿಟ್ಟಿತು.

ಜುಲೈ 20

ಇದಕ್ಕೆ ಒಂದು ಉಪಾಯವಿದೆ. ಜೋಳದಿಂದ ಬಿಯರ್ ತೆಗೆಯುವ ಸಂಶೋಧನೆಗಳಲ್ಲಿ ಬಳಸುವ ಕ್ರಮ ಅದು, ಆದರೆ ತಿಳಿ ಬಸಿಯುವುದನ್ನು ಬಲ್ಲ ಯಾರಿಗಾದರೂ ಹೊಳೆಯುವಂಥದ್ದು. ಕಿಣ್ವಗಳು ನೀರಿನಲ್ಲಿ ಕರಗುತ್ತವೆ, ಹಸಿ ಪಿಷ್ಟ ಕರಗುವುದಿಲ್ಲ. 150 ಗ್ರಾಂ ಮಾಲ್ಟನ್ನು 45 ಡಿಗ್ರಿಯ 900 ಮಿಲಿಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅಲುಗಾಡಿಸದೆ ಬಿಟ್ಟು, ಮೇಲಿನ ತಿಳಿಯನ್ನು ಅರ್ಧ ಲೀಟರಿನಷ್ಟು ಬೇರೆ ಪಾತ್ರೆಗೆ ಬಸಿದಿಟ್ಟೆ. ಕಿಣ್ವವೆಲ್ಲ ಹೆಚ್ಚುಕಡಿಮೆ ಆ ತಿಳಿಯಲ್ಲಿರುತ್ತದೆ. ಕೆಳಗಿನ ಗಸಿಯನ್ನು ನುಚ್ಚಿನ ಜೊತೆ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಕೂಗಿಸಿದೆ. ಈಗ ಎರಡೂ ಕಾಳಿನ ಪಿಷ್ಟ ಬೆಂದಿತು. ಗಂಜಿ 68ಕ್ಕೆ ಇಳಿದಾಗ ಬಸಿದಿಟ್ಟ ತಿಳಿಯನ್ನು ಸುರಿದರೆ ಮಿಶ್ರಣ 64ಕ್ಕೆ ಬಂದು ನಿಂತಿತು. ಪಾತೇಲಿಗೆ ಹಳೆಯ ಕಂಬಳಿ ಸುತ್ತಿಟ್ಟೆ.

ಐವತ್ತು ನಿಮಿಷಕ್ಕೆ ಅಯೋಡಿನ್ ಹನಿ ನೀಲಿಯಾಗದೆ ತನ್ನ ಕಂದುಬಣ್ಣದಲ್ಲೇ ಉಳಿಯಿತು. ನೀರು ಸೇರಿಸಿ ಸೋಸಿದ ಮೇಲೆ ನಾಲ್ಕು ಲೀಟರ್ ಸಿಹಿನೀರು, ಲ್ಯಾಕ್ಟೋಮೀಟರಿನಲ್ಲಿ 26. ಒಂದು ಚಮಚ ಸಕ್ಕರೆ ಹಾಕದೆ ಸಿಹಿ! ಮೇಲೆ ಸಣ್ಣ ಸಣ್ಣ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು; ಗೋವಿನಜೋಳದ ಕಾಳಿನಲ್ಲಿ ಮೊಳಕೆಯೊಡೆಯುವ ಮೂತಿಯಲ್ಲಿರುವ ಎಣ್ಣೆ ಅದು. ಕಾರ್ಖಾನೆಗಳಲ್ಲಿ ಮೂತಿ ತೆಗೆದ ನುಚ್ಚನ್ನೇ ಬಳಸುತ್ತಾರೆ, ಎಣ್ಣೆಯಿಂದ ಬಿಯರಿನ ನೊರೆ ಕೂತುಬಿಡುತ್ತದೆಂದು. ನನಗೆ ನೊರೆ ಬೇಕಿಲ್ಲವಾದರೂ ಎಣ್ಣೆ ಕಮಟುವಾಸನೆ ಹಿಡಿಯುವುದರಿಂದ ಸೌಟಿನಿಂದ ಮೇಲೆತ್ತಿ ತೆಗೆದೆ.

ಕಾಲು ಗಂಟೆ ಕುದಿಸಿ, 32 ಡಿಗ್ರಿಗೆ ಆರಿಸಿ, ಮೊಸರಿನ ಮೇಲೆ ನಿಲ್ಲುವ ತಿಳಿಯನ್ನು ನಾಲ್ಕು ಚಮಚ ಹೆಪ್ಪು ಹಾಕಿದೆ. ಹೊರಗೆ ಮಳೆ, ಅಡುಗೆಮನೆಯಲ್ಲಿ 24 ಡಿಗ್ರಿ. ಅದೇ ಕಂಬಳಿ ಮತ್ತೆ ಕೆಲಸಕ್ಕೆ ಬಂತು. ಇಪ್ಪತ್ತಾರು ಗಂಟೆಗೆ, ಹುಳಿ ಏರಿದಷ್ಟೂ ಅಂಕ ಇಳಿಯುವ ಪಿಎಚ್ ಕಾಗದ 4ಕ್ಕೆ ಇಳಿದಿತ್ತು. ಲ್ಯಾಕ್ಟೋಮೀಟರ್ 25.

ಈ 25ರ ಅರ್ಥ ಬರೆದಿಡಬೇಕು. ಯೀಸ್ಟು ಸಕ್ಕರೆಯನ್ನು ಮದ್ಯಸಾರ ಮತ್ತು ಅನಿಲವಾಗಿ ಒಡೆಯುವುದರಿಂದ ಸಾಂದ್ರತೆ ದಬದಬನೆ ಇಳಿಯುತ್ತದೆ. ಮೊಸರಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತದೆ, ಆ ಆಮ್ಲ ನೀರಿನಲ್ಲೇ ಉಳಿಯುತ್ತದೆ. ನಾಲಗೆಗೆ ಹುಳಿ ಎಷ್ಟೇ ಹತ್ತಿದರೂ ಅಳತೆ ಹೆಚ್ಚು ಕದಲುವುದಿಲ್ಲ. ಹಾಗಾಗಿ ಪಾತ್ರೆಯೊಳಗೆ ಯಾರು ಕೆಲಸ ಮಾಡುತ್ತಿದ್ದಾರೆಂದು ಹಾಲಿನ ಲ್ಯಾಕ್ಟೋಮೀಟರೇ ಹೇಳುತ್ತದೆ.

ಅವ್ವ ಒಂದು ಲೋಟ ಕುಡಿದು, "ಇಷ್ಟ ತಿಳಿ ಆದ್ರ ಇದಕ್ಕ ಅಂಬಲಿ ಅನ್ನೂದ್ಯಾಂಗ?" ಎಂದಳು. ಆದರೂ ಜೀರಿಗೆಪುಡಿ ಉದುರಿಸಿಕೊಂಡು ಎರಡನೆಯ ಲೋಟವನ್ನೂ ಕುಡಿದಳು.

ಜುಲೈ 27

ಅವಳ ಮಾತಿಗೆ ಮಾನ ಕೊಟ್ಟು ಈ ಸಲ ಮೊಸರಿನ ತಿಳಿಯನ್ನು ಬಿಟ್ಟು, ಅಂಬಲಿಗೆಂದು ಅವಳು ಹಿಂದಿನ ರಾತ್ರಿ ಹುಳಿಗಿಟ್ಟಿದ್ದ ಜೋಳದ ಹಿಟ್ಟಿನ ನೀರನ್ನು ಹೆಪ್ಪು ಹಾಕಿದೆ. ಉಳಿದೆಲ್ಲ ಕಳೆದ ವಾರದ ಹಾಗೆಯೇ, ಆರಂಭದ ಅಳತೆಯೂ 26. ಮರುದಿನ ಮಧ್ಯಾಹ್ನ ಮುಚ್ಚಳ ತೆಗೆದರೆ ನೊರೆ, ಚುರುಗುಟ್ಟುವ ಸದ್ದು, ಮಾಗಿದ ಬಾಳೆಹಣ್ಣಿನ ವಾಸನೆ. ಲ್ಯಾಕ್ಟೋಮೀಟರ್ 19ಕ್ಕೆ ಬಿದ್ದಿತ್ತು. ಏಳು ಅಂಕ ಇಳಿದರೆ ಲೆಕ್ಕಕ್ಕೆ ನೂರಕ್ಕೆ ಸುಮಾರು 0.9ರಷ್ಟು ಮದ್ಯಸಾರ. ಹಸಿ ಹಿಟ್ಟಿನಲ್ಲಿ ಕಾಡು ಯೀಸ್ಟು ಇದ್ದೇ ಇರುತ್ತದೆ. ಅವ್ವನ ಅಂಬಲಿಯಲ್ಲಿ ಅದು ತೊಂದರೆ ಮಾಡುವುದಿಲ್ಲ, ಏಕೆಂದರೆ ಅಲ್ಲಿ ತಿನ್ನಲು ಸಕ್ಕರೆ ಬಹಳ ಇಲ್ಲ ಮತ್ತು ಹುಳಿ ಬಂದ ಹಿಟ್ಟನ್ನು ಅವಳು ಬೆಳಿಗ್ಗೆ ಕುದಿಸಿಬಿಡುತ್ತಾಳೆ. ನಾನು ಅದಕ್ಕೆ ಸಿಹಿನೀರಿನ ಪಾತೇಲಿಯನ್ನೇ ಮುಂದಿಟ್ಟು ಒಂದು ದಿನ ಕಂಬಳಿ ಹೊದಿಸಿದ್ದೆ. ಮೋರಿಗೆ ಚೆಲ್ಲಿದೆ, ಬಚ್ಚಲಿನಲ್ಲಿ ಸಂಜೆಯವರೆಗೂ ಬಾಳೆಹಣ್ಣಿನ ವಾಸನೆ ಇತ್ತು.

ಆಗಸ್ಟ್ 3

ಮತ್ತೆ ಮೊಸರಿನ ತಿಳಿ. ಪಾತೇಲಿ, ಸೌಟು, ಸೋಸುವ ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದೆ. ಸೋಸುವಾಗ ಈ ಸಲ ಬಟ್ಟೆಯನ್ನು ಒಂದೇ ಪದರು ಮಾಡಿ ಸ್ವಲ್ಪ ಗಸಿಯನ್ನು ಇಳಿಯಬಿಟ್ಟಿದ್ದರಿಂದ ಬಾಯಿಗೆ ಅಂಬಲಿಯ ಮೈ ಬಂದಿದೆ. ಕ್ರೀಮ್ ಏಲ್ ಮಾಡುವವರು ಗೋವಿನಜೋಳದಿಂದ ಬಯಸುವ ಹಗುರಕ್ಕೆ ಇದು ನೇರ ವಿರುದ್ಧ, ನಮ್ಮ ಮನೆಗೆ ಇದೇ ಸರಿ. 27ರಿಂದ 26, ಪಿಎಚ್ 4. ಎರಡು ಲೀಟರ್ ಫ್ರಿಜ್ಜಿನಲ್ಲಿದೆ, ಮೂರು ದಿನದೊಳಗೆ ಮುಗಿಸಬೇಕು. ಮಾಲ್ಟ್ ಉಳಿದಿರುವುದು 60 ಗ್ರಾಂ ಮಾತ್ರ. ಪಂಚಮಿಗೆ ಬರುವಾಗ ಐದು ಕಿಲೋ ಮಾಲದಂಡಿ ತರಲು ಅಕ್ಕನಿಗೆ ಹೇಳಿದ್ದೇನೆ. ಮೊಳಕೆಯನ್ನೂ ಅವಳ ಮಾಳಿಗೆಯ ಮೇಲೆಯೇ ಒಣಗಿಸಿ ತರುವೆಯಾ ಎಂದು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.