ಕಾಳಿ ಸೇತುವೆಯ ಬಗ್ಗೆ ಒಂದು ಪುಟ

ಕಾರವಾರದಲ್ಲಿ ಸಿವಿಲ್ ಎಂಜಿನಿಯರಿಂಗ್ ಮಕ್ಕಳಿಗೆ ಟೆಕ್ನಿಕಲ್ ಇಂಗ್ಲಿಷ್ ಕಲಿಸುತ್ತೇನೆ. ವ್ಯಾಕರಣದ ತಪ್ಪುಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ, ಓದುತ್ತಾ ಬರೆಯುತ್ತಾ ಅವು ಕಡಿಮೆಯಾಗುತ್ತವೆ. ಕಣ್ಣಾರೆ ಕಂಡದ್ದನ್ನೂ ಊಹೆ ಮಾಡಿದ್ದನ್ನೂ ಒಂದೇ ವಾಕ್ಯದಲ್ಲಿ ಕಲಸಿಬಿಡುತ್ತಾರಲ್ಲ, ಚಿಂತೆ ಅದರದ್ದು.

ಒಂದು ದಿನ ಕಾಳಿ ನದಿಯ ಹಳೇ ಸೇತುವೆ ಕುಸಿದದ್ದರ ಬಗ್ಗೆ ಒಂದು ಪುಟದ ವರದಿ ಬರೆಯಲು ಹೇಳಿದೆ. 2024ರ ಆಗಸ್ಟ್ 6ರ ನಡುರಾತ್ರಿ ಕಳೆದು 7ನೇ ತಾರೀಕು ಶುರುವಾದ ಮೇಲೆ ಅದು ಬಿತ್ತು. ಜೊತೆಗೆ ಒಂದು ಲಾರಿಯೂ ನದಿಗೆ ಬಿತ್ತು. ಚಾಲಕ ಬದುಕಿದ. ಇಲ್ಲಿಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಹೆಚ್ಚಿನ ಹಾಳೆಗಳು ಶುರುವಾದದ್ದೇ 'ದೇಶದ ಪ್ರಗತಿಗೆ ಸೇತುವೆಗಳು ಬಹಳ ಮುಖ್ಯ' ಎಂದು. ಆಮೇಲೆ ನೇರವಾಗಿ, ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿದು ಸೇತುವೆ ಬಿತ್ತು ಎಂಬ ತೀರ್ಪು. ಪುಟ ತುಂಬಿದರೆ ಅಂಕ ಸಿಗುತ್ತದೆ ಎಂದು ಶಾಲೆಯಿಂದಲೂ ಕಲಿತವರು, ಅವರನ್ನು ದೂರಿ ಏನು ಪ್ರಯೋಜನ?

ಸದಾಶಿವಗಡದ ಕಡೆಯ ಒಬ್ಬ ಹುಡುಗಿಯನ್ನು ಕೇಳಿದೆ. "ಸೇತುವೆ ಬಿದ್ದ ದಿನ ಬೆಳಿಗ್ಗೆ ನೀನು ಏನು ನೋಡಿದೆ? ಕನ್ನಡದಲ್ಲೇ ಹೇಳು."

"ಮೇಲಿನ ತುಂಡುಗಳು ನೀರಿಗೆ ಬಿದ್ದಿದ್ದವು ಸರ್. ಕೆಲವು ಕಂಬ ನಿಂತೇ ಇದ್ದವು. ಪಕ್ಕದ ಹೊಸ ಸೇತುವೆ ಹಾಗೇ ಇತ್ತು."

ಎಷ್ಟು ಚೆನ್ನಾಗಿ ನೋಡಿದ್ದಾಳೆ! ಇದರಲ್ಲಿ ಒಂದು ಸಾಲೂ ಅವಳ ಹಾಳೆಯಲ್ಲಿ ಇರಲಿಲ್ಲ.

ಅಲ್ಲಿಂದ ಬೋರ್ಡಿನ ಮೇಲೆ ಕೆಲಸ ಶುರುವಾಯಿತು. ಮೊದಲು ಕಂಡದ್ದು. ನಂತರ ಕಾರಣ ಏನಿರಬಹುದು ಎಂಬುದು. ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದರೆ ಕಂಬಿಯ ಮೇಲಿನ ರಕ್ಷಣೆಯ ಪದರ ಕೆಡುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುವುದರಿಂದ ಕಾಂಕ್ರೀಟ್ ಬಿರುಕು ಬಿಡುತ್ತದೆ. ಕರಾವಳಿಯ ಕಟ್ಟಡಗಳಿಗೆಲ್ಲ ಈ ಭಯ ಇದ್ದೇ ಇದೆ. ಹಾಗಂತ ಈ ಸೇತುವೆ ಬಿದ್ದದ್ದು ಅದರಿಂದಲೇ ಎನ್ನಲು ಕಾಂಕ್ರೀಟಿನ ಕೋರ್ (ಕೊರೆದು ತೆಗೆದ ಉರುಳೆಯಾಕಾರದ ತುಂಡು) ತೆಗೆದು ಕ್ಲೋರೈಡ್ ಅಳೆಯಬೇಕು, ಕಂಬಿ ಎಷ್ಟು ಸವೆದಿದೆ ನೋಡಬೇಕು, ಅಡಿಪಾಯದ ಮಣ್ಣು ಕೊಚ್ಚಿಹೋಗಿತ್ತಾ ಎಂದೂ ಪರೀಕ್ಷಿಸಬೇಕು.

"ಪರೀಕ್ಷೆ ಮಾಡದೆ ಏನು ಬರೆಯೋದು ಸರ್?" ಎಂದ ಹಿಂದಿನ ಬೆಂಚಿನ ಹುಡುಗ. ಯಾವ ಪರೀಕ್ಷೆ ಬೇಕು, ಯಾಕೆ ಬೇಕು ಅಂತ ಬರಿ ಎಂದೆ. ನಾಳೆ ಇವರು ಸೈಟಿನಿಂದ ಬರೆದ ಕಾಗದ ನಂಬಿ ಯಾರೋ ಸೇತುವೆಯ ಮೇಲೆ ಬಸ್ಸು ಬಿಡುತ್ತಾರೆ, ಅಲ್ವಾ?

ಎಲ್ಲರೂ ಮತ್ತೆ ಬರೆದರು. ಆ ಹುಡುಗಿಯದು ಅರ್ಧ ಪುಟಕ್ಕೇ ಮುಗಿಯಿತು. ಇಂಗ್ಲಿಷ್ ಅಲ್ಲಲ್ಲಿ ಎಡವಿತ್ತು. ಆದರೆ ಪ್ರತಿ ಸಾಲಿಗೂ ಆಧಾರ ಇತ್ತು. ಪುಟ ತುಂಬಿಲ್ಲ ಎಂದು ಹಾಳೆ ಕೊಡಲು ಹಿಂಜರಿಯುತ್ತಿದ್ದಳು. ಪೂರ್ತಿ ಅಂಕ ಹಾಕಿ, ತರಗತಿಗೆ ಜೋರಾಗಿ ಓದಲು ಹೇಳಿದೆ.