ಆರಕ್ಕೆ ಹೊರಟು ಆರೂ ಇಪ್ಪತ್ತಕ್ಕೆ ತಲುಪುವ ವಿಮಾನ

ಲಿಸ್ಬನ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದ ಅಪ್ಪನಿಗೆ ಮ್ಯಾಡ್ರಿಡ್ ತೋರಿಸಬೇಕೆಂದು, ಒಂದು ದಿನ ಹೋಗಿ ಮರುದಿನ ಸಂಜೆ ಮರಳುವಂತೆ ಟಿಕೆಟ್ ಮಾಡಿಸಿದ್ದೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಅವರು ಟಿಕೆಟನ್ನು ಎರಡೆರಡು ಸಲ ಓದಿ, “ಹೋಗುವಾಗ ಹತ್ತಕ್ಕೆ ಬಿಟ್ಟು ಹನ್ನೆರಡೂ ಇಪ್ಪತ್ತಕ್ಕೆ ಇಳಿಸ್ತಾರೆ, ಬರುವಾಗ ಆರಕ್ಕೆ ಬಿಟ್ಟು ಆರೂ ಇಪ್ಪತ್ತಕ್ಕೇ ಇಳಿಸ್ತಾರೆ. ಇದೇನಮ್ಮ ಲೆಕ್ಕ?” ಎಂದು ಕೇಳಿದರು.

ಎರಡು ಊರುಗಳ ನಡುವಿನ ನೇರ ದೂರ ಸುಮಾರು 500 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ಹೈದರಾಬಾದಿಗೆ ಇರುವಷ್ಟೇ. ಟಿಕೆಟ್ ಪ್ರಕಾರ ಹೋಗಲೂ ಬರಲೂ 1 ಗಂಟೆ 20 ನಿಮಿಷ; ಸ್ಪೇನಿನ ಗಡಿಯಾರ ಪೋರ್ಚುಗಲ್‌ನದಕ್ಕಿಂತ ಒಂದು ಗಂಟೆ ಮುಂದಿರುವುದೇ ಆ ಗೊಂದಲಕ್ಕೆ ಕಾರಣ. ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ಟಿಕೆಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ರೇಖಾಂಶಗಳನ್ನು ಬರೆದುಕೊಂಡು, ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿ, ಸೂರ್ಯನ ಲೆಕ್ಕದಲ್ಲಿ ಈ ಊರುಗಳಿಗಿರುವ ಅಂತರ 22 ನಿಮಿಷ ಮಾತ್ರ ಎಂದು ತೋರಿಸಿದರು. ಗ್ರೀನಿಚ್ ರೇಖೆಗಿಂತ ಪಶ್ಚಿಮಕ್ಕಿರುವ ಮ್ಯಾಡ್ರಿಡ್ ಬರ್ಲಿನ್‌ನ ಸಮಯವನ್ನು ಪಾಲಿಸುತ್ತಿದೆ; 1940ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಒಂದು ಗಂಟೆ ಮುಂದಿಟ್ಟ ಗಡಿಯಾರ ಮತ್ತೆ ಹಿಂದಕ್ಕೆ ಬರಲೇ ಇಲ್ಲ. ಪೋರ್ಚುಗಲ್ ಕೂಡ 1992ರಲ್ಲಿ ಅದೇ ಸಮಯಕ್ಕೆ ಹೋಗಿ 1996ರಲ್ಲಿ ಹಳೆಯದಕ್ಕೆ ಮರಳಿತು. ಪಾಠ ಮಾಡುವಾಗಿನ ಹುರುಪು ಅಂದು ಅಪ್ಪನ ಮುಖದಲ್ಲಿ ಮತ್ತೆ ಕಂಡಿತ್ತು.

ಹೊರಡುವ ದಿನ ಏಳೂ ಕಾಲಿಗೇ ಮನೆ ಬಿಟ್ಟೆವು. ಆಕಾಶದಲ್ಲಿ ಇರುವುದು 55 ನಿಮಿಷವೆಂದು ಪೈಲಟ್ ಹೇಳಿದರು. ಉಳಿದ 25 ನಿಮಿಷ ರನ್‌ವೇಗೆ ಹೋಗಲು, ಸರದಿ ಕಾಯಲು, ಇಳಿದ ಮೇಲೆ ಗೇಟಿಗೆ ಬರಲು ಹೋಗುತ್ತದೆ. ಇಷ್ಟು ಹತ್ತಿರದ ಹಾರಾಟದಲ್ಲಿ ವಿಮಾನ ಎತ್ತರಕ್ಕೇರಿ ನೆಟ್ಟಗೆ ಸಾಗುವ ಹೊತ್ತು ಬಹಳ ಕಡಿಮೆ: ಅಪ್ಪ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕಿವಿ ಗುಂಯ್‌ಗುಟ್ಟತೊಡಗಿ ಇಳಿಯುವ ಸೂಚನೆ ಬಂತು. ಎರಡೂ ದೇಶಗಳು ಷೆಂಗೆನ್ ಒಕ್ಕೂಟದಲ್ಲಿರುವುದರಿಂದ ಪಾಸ್‌ಪೋರ್ಟ್ ಸಾಲು ಇರಲಿಲ್ಲ. ಆದರೂ ಹೋಟೆಲ್ ಸೇರುವಾಗ ಅಲ್ಲಿನ ಗಡಿಯಾರದಲ್ಲಿ ಒಂದೂವರೆ.

ರೈಲಿನಲ್ಲಿ ಹೋಗಬೇಕೆಂಬುದೇ ನನ್ನ ಮೊದಲ ಆಸೆಯಾಗಿತ್ತು. ಈ ಎರಡು ರಾಜಧಾನಿಗಳನ್ನು ಕೂಡಿಸುತ್ತಿದ್ದ ರಾತ್ರಿ ರೈಲು 2020ರಲ್ಲಿ ನಿಂತುಹೋದದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಮರುದಿನ ರೆತಿರೋ ಉದ್ಯಾನದ ಕೊಳದ ಬಳಿ ಕುಳಿತಿದ್ದಾಗ ನನ್ನ ವಾಚು ಮೂರೂವರೆ ತೋರಿಸುತ್ತಿತ್ತು. “ಇನ್ನೊಂದು ಅರ್ಧ ಗಂಟೆ ಕೂರಬಹುದು ಅಪ್ಪ” ಎಂದೆ. ತಮ್ಮ ಹಳೆಯ ಎಚ್‌ಎಂಟಿ ವಾಚಿಗೆ ಕೀ ಕೊಡುತ್ತಿದ್ದ ಅವರು ತಲೆ ಎತ್ತಿ, “ಒಂದು ಗಂಟೆ ಕೂಡಿಸಿಕೊಂಡೆಯಾ?” ಎಂದರು. ಎದೆ ಧಸಕ್ಕೆಂದಿತು. ಕೂಡಿಸಿರಲಿಲ್ಲ. ಅವರ ವಾಚೂ ಲಿಸ್ಬನ್ ಸಮಯದಲ್ಲೇ ಇತ್ತು, ಆದರೆ ಅವರು ಪ್ರತಿ ಸಲವೂ ಮನಸ್ಸಿನಲ್ಲಿ ಒಂದನ್ನು ಸೇರಿಸಿಕೊಳ್ಳುತ್ತಿದ್ದರು. ಎಪ್ಪತ್ತೆರಡರ ಅಪ್ಪನ ಕೈ ಹಿಡಿದು ಮೆಟ್ರೋ ಮೆಟ್ಟಿಲುಗಳನ್ನು ಓಡೋಡಿ ಇಳಿಸಿದ್ದನ್ನು ನೆನೆದರೆ ಈಗಲೂ ನೋವಾಗುತ್ತದೆ. ಗೇಟು ಮುಚ್ಚಲು ಐದೇ ನಿಮಿಷವಿರುವಾಗ ಒಳಗೆ ಹೋದೆವು.

ಪಶ್ಚಿಮದಿಂದ ಬೀಸುವ ಗಾಳಿಗೆ ಎದುರಾಗಿ ಹಾರಿದ್ದರಿಂದ ಮರಳುವಾಗ ಹತ್ತು ನಿಮಿಷ ಹೆಚ್ಚೇ ಹಿಡಿಯಿತು. ಲಿಸ್ಬನ್‌ನಲ್ಲಿ ಚಕ್ರ ನೆಲ ಮುಟ್ಟಿದಾಗ ಅಪ್ಪ ವಾಚು ನೋಡಿ, “ಆರೂ ಇಪ್ಪತ್ತೈದು. ಇನ್ನು ಕೂಡಿಸೋದು ಬೇಡ” ಎಂದು ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು.